ಡಿಆರ್‌ಎಂ ಆರಿಸುವಾಗ: ಬೀಗ ಫೋನಿನದು, ಕೀಲಿ ಯಾರದು?

ಸಿನಿಮಾ, ಕೋರ್ಸ್ ವಿಡಿಯೋ, ಇ-ಪುಸ್ತಕ ಏನನ್ನಾದರೂ ಸ್ವಂತ ಆ್ಯಪ್‌ನಲ್ಲಿ ಮಾರಲು ಹೊರಟವರು ಡಿಆರ್‌ಎಂ (ದುಡ್ಡು ಕೊಡದವರು ನೋಡದಂತೆ, ನಕಲು ಮಾಡದಂತೆ ಹಾಕುವ ಡಿಜಿಟಲ್ ಬೀಗ) ಬಗ್ಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: ವೈಡ್‌ವೈನ್ ಒಳ್ಳೆಯದಾ, ಫೇರ್‌ಪ್ಲೇ ಒಳ್ಳೆಯದಾ, ಪ್ಲೇರೆಡಿ ಒಳ್ಳೆಯದಾ? ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್, ಆಪಲ್, ಮೈಕ್ರೋಸಾಫ್ಟ್‌ನ ಆ ಮೂರು ಬೀಗಗಳಲ್ಲಿ ಒಂದನ್ನು ಆರಿಸುವ ಅವಕಾಶ ನಿಮಗೆ ಇಲ್ಲವೇ ಇಲ್ಲ. ನೋಡುಗರ ಕೈಯಲ್ಲಿರುವ ಫೋನು, ಅವರ ಮನೆಯ ಟಿವಿ ಅದನ್ನು ಆಗಲೇ ತೀರ್ಮಾನ ಮಾಡಿಬಿಟ್ಟಿವೆ. ಆಂಡ್ರಾಯ್ಡ್ ಫೋನಿನಲ್ಲಿ ಫೇರ್‌ಪ್ಲೇ ಓಡುವುದಿಲ್ಲ. ಐಫೋನಿನ ಸಫಾರಿಯಲ್ಲಿ ವೈಡ್‌ವೈನ್ ಓಡುವುದಿಲ್ಲ.

ನೀವು ನಿಜವಾಗಿ ಆರಿಸಬೇಕಾದದ್ದು ಎರಡು ವಿಷಯ. ಈ ಮೂರನ್ನೂ ಒಟ್ಟಿಗೆ ನಡೆಸಿಕೊಡುವ ಕಂಪನಿ ಯಾವುದು ಅನ್ನುವುದು ಒಂದು. ನಿಮ್ಮ ವಿಡಿಯೋದ ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದು ಇನ್ನೊಂದು. ಈ ಮಾರುಕಟ್ಟೆಯ ಪೈಪೋಟಿಯೆಲ್ಲ ನಡೆಯುವುದು ಮೊದಲನೆಯದರಲ್ಲಿ. ಸಣ್ಣ ನಿರ್ಮಾಪಕರು ಪೆಟ್ಟು ತಿನ್ನುವುದು ಎರಡನೆಯದರಲ್ಲಿ.

ಪ್ಲೇ ಒತ್ತಿದ ಮೇಲೆ

ಗಾಂಧಿನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಜಿಟಲ್ ಪ್ರಿಂಟು ಥಿಯೇಟರಿಗೆ ಮೊದಲೇ ಬಂದು ಕೂತಿರುತ್ತದೆ, ಆದರೆ ಕೆಡಿಎಂ ಬರದೆ ಶೋ ಶುರುವಾಗುವುದಿಲ್ಲ. ಇಂಥ ಪರದೆಯ ಸರ್ವರ್‌ಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಕೊಟ್ಟ ಕೀಲಿ ಅದು. ಓಟಿಟಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸ, ಇಲ್ಲಿ ಪ್ರತಿಯೊಬ್ಬರ ಫೋನೂ ಒಂದೊಂದು ಥಿಯೇಟರ್.

ವಿಡಿಯೋ ಫೈಲು ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ, ಸಿಡಿಎನ್‌ನಲ್ಲಿ (ವಿಡಿಯೋವನ್ನು ನೋಡುಗರಿಗೆ ಹಂಚುವ ಸರ್ವರ್‌ಗಳ ಜಾಲ) ಇರುತ್ತದೆ. ಅದನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಲಿ, ಕೀಲಿ ಇಲ್ಲದೆ ಕಸಕ್ಕೆ ಸಮ. ಪ್ಲೇ ಒತ್ತಿದಾಗ ಪ್ಲೇಯರ್ ಮೊದಲು ಮ್ಯಾನಿಫೆಸ್ಟ್ ಫೈಲು ಓದುತ್ತದೆ. ಅದರಲ್ಲಿ ಯಾವ ಡಿಆರ್‌ಎಂ, ಯಾವ ಕೀಲಿಯ ಗುರುತು ಎಂಬುದು ಇರುತ್ತದೆ. ಆಮೇಲೆ ಪ್ಲೇಯರ್ ಲೈಸೆನ್ಸ್ ಸರ್ವರ್‌ಗೆ ಒಂದು ವಿನಂತಿ ಕಳಿಸುತ್ತದೆ. ಈ ಮನುಷ್ಯ ದುಡ್ಡು ಕೊಟ್ಟಿದ್ದಾನಾ ಎಂದು ನಿಮ್ಮ ಬ್ಯಾಕ್‌ಎಂಡ್, ಅಂದರೆ ಆ್ಯಪ್‌ನ ಹಿಂದಿರುವ ನಿಮ್ಮ ಸರ್ವರ್, ಹೇಳಬೇಕು. ಹೌದು ಎಂದರೆ ಲೈಸೆನ್ಸ್ ಬರುತ್ತದೆ. ಅದರೊಳಗೆ ಕೀಲಿ, ಎಷ್ಟು ಹೊತ್ತು ನಡೆಯುತ್ತದೆ, ಎಚ್‌ಡಿ ಕೊಡಬಹುದಾ, ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದಾ ಎಂಬ ಷರತ್ತುಗಳು. ಕೀಲಿ ಆ್ಯಪ್‌ನ ಕೈಗೆ ಸಿಗುವುದಿಲ್ಲ, ನೇರ ಡಿಆರ್‌ಎಂ ಮಾಡ್ಯೂಲ್‌ಗೆ ಹೋಗುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಬ್ರೌಸರ್‌ನಲ್ಲಿ ಈ ಮಾತುಕತೆ ನಡೆಸುವ ರೀತಿಗೆ ಇಎಂಇ ಎಂದು ಹೆಸರು. 2017ರ ಸೆಪ್ಟೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು ಅಧಿಕೃತ ಮಾನದಂಡ ಮಾಡಿತು. ತೆರೆದ ವೆಬ್‌ನೊಳಗೆ ಬೀಗ ತಂದಿರಿ ಎಂದು ಡಿಜಿಟಲ್ ಹಕ್ಕುಗಳ ಸಂಘಟನೆ ಇಎಫ್‌ಎಫ್ ಅದೇ ದಿನ ಡಬ್ಲ್ಯೂ3ಸಿಗೆ ರಾಜೀನಾಮೆ ಕೊಟ್ಟು ಹೊರಗೆ ನಡೆಯಿತು. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಇವತ್ತು ಅಂಗಡಿ ತೆರೆಯುವವರಿಗೆ ಇರುವ ದಾರಿ ಇದೇ.

ಮೂವರು ದೊಡ್ಡವರು

ವೈಡ್‌ವೈನ್ ಹುಟ್ಟಿದ್ದು 1999ರಲ್ಲಿ ಸಿಯಾಟಲ್‌ನಲ್ಲಿ. 2010ರ ಕೊನೆಗೆ ಗೂಗಲ್ ಕೊಂಡುಕೊಂಡಿತು. ಆಂಡ್ರಾಯ್ಡ್ ಫೋನು, ಆಂಡ್ರಾಯ್ಡ್ ಟಿವಿ, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಇದೆ. ಬಳಸಲು ಗೂಗಲ್ ಶುಲ್ಕ ಕೇಳುವುದಿಲ್ಲ. ಧರ್ಮಕ್ಕೇನೂ ಅಲ್ಲ, ಆಂಡ್ರಾಯ್ಡ್‌ನಲ್ಲಿ ಒಳ್ಳೆ ಸಿನಿಮಾ ಬರಬೇಕಾದರೆ ಅದು ಬೇಕೇ ಬೇಕು. ಕರ್ನಾಟಕದ ಪ್ರೇಕ್ಷಕರೇ ನಿಮ್ಮ ಗಿರಾಕಿಗಳಾದರೆ ನಿಮ್ಮ ವ್ಯಾಪಾರದ ಬಹುಪಾಲು ಇಲ್ಲೇ.

ವೈಡ್‌ವೈನ್‌ನಲ್ಲಿ ತಿಳಿದಿರಲೇಬೇಕಾದ ಮಾತು ಎಲ್1 ಮತ್ತು ಎಲ್3. ಎಲ್1 ಎಂದರೆ ಕೀಲಿ ಬಿಚ್ಚುವುದು, ವಿಡಿಯೋ ಡಿಕೋಡ್ ಮಾಡುವುದು ಎರಡೂ ಚಿಪ್‌ನೊಳಗಿನ ಭದ್ರ ಜಾಗದಲ್ಲಿ ನಡೆಯುತ್ತವೆ. ಎಲ್3 ಎಂದರೆ ಎಲ್ಲ ಸಾಫ್ಟ್‌ವೇರ್‌ನಲ್ಲೇ. ಎಲ್2 ಎಂಬುದೂ ಇದೆ, ಸಿಗುವುದು ಅಪರೂಪ. ದೊಡ್ಡ ಓಟಿಟಿಗಳು ಎಲ್1 ಇಲ್ಲದ ಆಂಡ್ರಾಯ್ಡ್ ಫೋನಿಗೆ ಎಚ್‌ಡಿ ಕೊಡುವುದಿಲ್ಲ. ನಿಮ್ಮ ಫೋನು ಯಾವುದು ಎಂದು ನೋಡಬೇಕಾ? ಪ್ಲೇ ಸ್ಟೋರ್‌ನಲ್ಲಿ ಡಿಆರ್‌ಎಂ ಇನ್ಫೋ ಎಂಬ ಆ್ಯಪ್ ಸಿಗುತ್ತದೆ. ತೆರೆದರೆ ಸೆಕ್ಯುರಿಟಿ ಲೆವೆಲ್ ಎಂಬ ಸಾಲಿನಲ್ಲಿ ಬರೆದಿರುತ್ತದೆ. ಅಗ್ಗದ ಫೋನು, ಹೆಸರು ಕೇಳದ ಟಿವಿ ಬಾಕ್ಸುಗಳಲ್ಲಿ ಎಲ್3 ಎಂದು ಬರುವುದು ಜಾಸ್ತಿ. ಬೂಟ್‌ಲೋಡರ್ (ಫೋನನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಬಿಚ್ಚಿದರೆ ಎಲ್1 ಇದ್ದ ಎಷ್ಟೋ ಫೋನುಗಳೂ ಎಲ್3ಗೆ ಇಳಿಯುತ್ತವೆ.

ಇದು ನಿಮಗೆ ಯಾಕೆ ಮುಖ್ಯ? ಎಲ್1 ಇದ್ದರೆ ಸ್ಕ್ರೀನ್‌ಶಾಟ್ ತೆಗೆದರೂ ವಿಡಿಯೋ ಜಾಗ ಕಪ್ಪಗೆ ಬರುತ್ತದೆ. ಎಲ್3ನಲ್ಲಿ ಅದು ತಾನಾಗಿ ಆಗುವುದಿಲ್ಲ, ಆ್ಯಪ್ ಬರೆದವರು ಫ್ಲ್ಯಾಗ್ ಸೆಕ್ಯೂರ್ ಎಂಬ ಒಂದು ಸಾಲು ಸೇರಿಸಬೇಕು. ಆ ಒಂದು ಸಾಲು ಮರೆತ ಆ್ಯಪ್‌ಗಳು ಎಷ್ಟೋ ಇವೆ. ಎಚ್‌ಡಿಗೆ ಎಲ್1 ಬೇಕೇ ಬೇಕು ಎಂದು ನಿಯಮ ಹಾಕುವ ಮುಂಚೆಯೂ ಯೋಚಿಸಿ. ನೆಟ್‌ಫ್ಲಿಕ್ಸ್‌ನವರು ಹಾಗೆ ಮಾಡುವುದು ಹಾಲಿವುಡ್ ಸ್ಟುಡಿಯೋಗಳ ಒಪ್ಪಂದದಲ್ಲಿ ಇರುವುದರಿಂದ. ನಿಮ್ಮ ಸಿನಿಮಾಕ್ಕೆ ಅಂಥ ಒಪ್ಪಂದ ಇಲ್ಲದಿದ್ದರೆ, ರಾಯಚೂರಿನಲ್ಲಿ ಅಗ್ಗದ ಫೋನು ಹಿಡಿದು ದುಡ್ಡು ಕೊಟ್ಟು ನೋಡುವವನಿಗೆ ಮಸುಕು ಚಿತ್ರ ತೋರಿಸಿ ಸಿಗುವುದು ಏನು? ನನ್ನ ಸಲಹೆ: 720ಪಿ ಎಲ್ಲರಿಗೂ, 1080ಪಿ ಮತ್ತು ಮೇಲಿನದು ಎಲ್1 ಇರುವವರಿಗೆ.

ಪ್ಲೇರೆಡಿ ಮೈಕ್ರೋಸಾಫ್ಟ್‌ನದು, 2007ರಲ್ಲಿ ಘೋಷಣೆಯಾದದ್ದು. ಇಲ್ಲಿ ಹಂತಗಳಿಗೆ ಎಸ್‌ಎಲ್2000, ಎಸ್‌ಎಲ್3000 ಎಂದು ಹೆಸರು. ಎಸ್‌ಎಲ್3000 ಎಂದರೆ ಹಾರ್ಡ್‌ವೇರ್ ಭದ್ರತೆ, 4ಕೆ ಸಿನಿಮಾಕ್ಕೆ ಬೇಕಾಗುವಂಥದ್ದು. ವಿಂಡೋಸ್‌ನ ಎಡ್ಜ್ ಬ್ರೌಸರ್, ಎಕ್ಸ್‌ಬಾಕ್ಸ್ ಮತ್ತು ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ ಇದು ಇರುತ್ತದೆ. ಮೈಕ್ರೋಸಾಫ್ಟ್ ಇದರಲ್ಲಿ ದುಡ್ಡು ಮಾಡುವುದು ಮುಖ್ಯವಾಗಿ ಟಿವಿ, ಬಾಕ್ಸು ತಯಾರಿಸುವವರಿಂದ. ಬರೀ ಫೋನ್ ಆ್ಯಪ್ ಮಾಡುವವರು ಪ್ಲೇರೆಡಿಯನ್ನು ಮೊದಲ ವರ್ಷ ಮರೆತರೂ ನಷ್ಟವಿಲ್ಲ. ಸ್ಯಾಮ್‌ಸಂಗ್, ಎಲ್‌ಜಿ ಟಿವಿ ಆ್ಯಪ್ ಮಾಡುವ ದಿನ ಅದು ನೆನಪಾದರೆ ಸಾಕು.

ಫೇರ್‌ಪ್ಲೇ ಆಪಲ್‌ನದು. 2003ರಲ್ಲಿ ಐಟ್ಯೂನ್ಸ್ ಹಾಡುಗಳ ಜೊತೆ ಬಂತು. ಮಜಾ ನೋಡಿ, 2009ರ ಹೊತ್ತಿಗೆ ಅದೇ ಐಟ್ಯೂನ್ಸ್ ಹಾಡುಗಳಿಂದ ಬೀಗ ತೆಗೆದುಹಾಕಿತು. ವಿಡಿಯೋಗೆ ಉಳಿಸಿಕೊಂಡಿತು. ಈಗ ನಾವು ಬಳಸುವ ಫೇರ್‌ಪ್ಲೇ ಸ್ಟ್ರೀಮಿಂಗ್ 2015ರಲ್ಲಿ ಬಂದದ್ದು. ಐಫೋನು, ಐಪ್ಯಾಡು, ಮ್ಯಾಕ್‌ನ ಸಫಾರಿ, ಆಪಲ್ ಟಿವಿಗೆ ಇದು ಬಿಟ್ಟರೆ ಬೇರೆ ದಾರಿಯಿಲ್ಲ. ಊರಲ್ಲಿ ಐಫೋನು ಕಡಿಮೆ ಎಂದು ಇದನ್ನು ಬದಿಗಿಡಬೇಡಿ. ಅಮೆರಿಕ, ಗಲ್ಫ್, ಇಂಗ್ಲೆಂಡ್‌ನ ಕನ್ನಡಿಗರು ಡಾಲರ್, ದಿರಮ್, ಪೌಂಡ್‌ನಲ್ಲಿ ದುಡ್ಡು ಕೊಡುವವರು. ಅವರ ಕೈಯಲ್ಲಿ ಐಫೋನು ಜಾಸ್ತಿ.

ಮೂವರ ನಡುವೆ ಒಂದು ಕಿರಿಕಿರಿ ಇತ್ತು. ವೈಡ್‌ವೈನ್, ಪ್ಲೇರೆಡಿ ಹಿಂದೆ ಒಂದು ಬಗೆಯ ಎನ್‌ಕ್ರಿಪ್ಷನ್ ಕೇಳುತ್ತಿದ್ದವು, ಸಿಇಎನ್‌ಸಿ ಎಂದು. ಫೇರ್‌ಪ್ಲೇ ಕೇಳುವುದು ಸಿಬಿಸಿಎಸ್. ಹಾಗಾಗಿ ಒಂದೇ ಸಿನಿಮಾದ ಎರಡು ಪ್ರತಿ ಇಡಬೇಕಿತ್ತು. ಈಗ ಹೊಸ ಸಾಧನಗಳಲ್ಲಿ ಮೂರೂ ಸಿಬಿಸಿಎಸ್ ಓದುತ್ತವೆ, ಒಂದೇ ಪ್ರತಿ ಸಾಕು. ಹಳೆಯ ಸ್ಮಾರ್ಟ್ ಟಿವಿಗಳು ಬೇಕು ಎನ್ನುವವರಿಗೆ ಮಾತ್ರ ಎರಡು ಪ್ರತಿಯ ಖರ್ಚು ತಪ್ಪಿದ್ದಲ್ಲ.

ನಿಜವಾದ ಪೈಪೋಟಿ ಇರುವ ಕಡೆ

ಈ ಮೂವರ ಜೊತೆ ಒಬ್ಬೊಬ್ಬರಾಗಿ ವ್ಯವಹಾರ ಮಾಡಿ, ಮೂರು ಲೈಸೆನ್ಸ್ ಸರ್ವರ್ ನಡೆಸುವುದು ಸಣ್ಣವರ ಕೈಲಾಗುವ ಕೆಲಸವಲ್ಲ. ಅದಕ್ಕೇ ಹುಟ್ಟಿಕೊಂಡದ್ದು ಮಲ್ಟಿ-ಡಿಆರ್‌ಎಂ ಕಂಪನಿಗಳು. ನೀವು ಒಂದು ಕಡೆ ಮಾತಾಡಿದರೆ ಅವರು ಮೂರೂ ಕಡೆ ನೋಡಿಕೊಳ್ಳುತ್ತಾರೆ. ಎಲ್ಲರೂ ಕೊಡುವ ಲೈಸೆನ್ಸು ಅದೇ ವೈಡ್‌ವೈನ್, ಅದೇ ಫೇರ್‌ಪ್ಲೇ. ನಮ್ಮ ಡಿಆರ್‌ಎಂ ಬೇರೆಯವರದಕ್ಕಿಂತ ಗಟ್ಟಿ ಎಂದು ಸೇಲ್ಸ್‌ನವರು ಹೇಳಿದರೆ ಸುಮ್ನೆ ನಕ್ಕು ಮುಂದಿನ ಪ್ರಶ್ನೆ ಕೇಳಿ. ವ್ಯತ್ಯಾಸ ಇರುವುದು ಬೆಲೆ, ಬೆಂಬಲ, ವಾಟರ್‌ಮಾರ್ಕ್ (ಸೋರಿದ ಪ್ರತಿ ಯಾರದು ಎಂದು ತಿಳಿಸುವ ಗುರುತು), ನಿಮ್ಮ ಸಾಫ್ಟ್‌ವೇರ್‌ಗೆ ಎಷ್ಟು ಸಲೀಸಾಗಿ ಹೊಂದಿಕೊಳ್ಳುತ್ತದೆ ಎಂಬುದರಲ್ಲಿ.

ಮೊದಲ ಗುಂಪು ಕೇಬಲ್, ಡಿಟಿಎಚ್ ಕಾಲದಿಂದ ಬಂದ ಹಳಬರು. ನೆದರ್ಲೆಂಡ್ಸ್‌ನ ಇರ್ಡೆಟೊ 1969ರಷ್ಟು ಹಳೆಯದು. 2018ರಲ್ಲಿ ಗೇಮ್‌ಗಳಿಗೆ ಬೀಗ ಹಾಕುವ ಡೆನುವೊವನ್ನೂ ಕೊಂಡಿತು. ಸ್ವಿಟ್ಜರ್ಲೆಂಡ್‌ನ ಕುಡೆಲ್ಸ್ಕಿ ಗುಂಪಿನ ನಾಗ್ರಾ ಇನ್ನೊಂದು, ನೆಕ್ಸ್‌ಗಾರ್ಡ್ ಎಂಬ ವಾಟರ್‌ಮಾರ್ಕ್ ತಂತ್ರ ಅವರದು. ವೆರಿಮ್ಯಾಟ್ರಿಕ್ಸ್ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬೆಳೆದದ್ದು. 2019ರಲ್ಲಿ ಫ್ರಾನ್ಸ್‌ನ ಇನ್‌ಸೈಡ್ ಸೆಕ್ಯೂರ್ ಅದನ್ನು ಕೊಂಡು, ಕೊಂಡ ಕಂಪನಿಯ ಹೆಸರನ್ನೇ ತಾನೂ ಇಟ್ಟುಕೊಂಡಿತು. ಇವರೆಲ್ಲ ಸೆಟ್-ಟಾಪ್ ಬಾಕ್ಸು, ಕ್ರಿಕೆಟ್ ಲೈವ್, ಕಳ್ಳ ಪ್ರಸಾರ ಹಿಡಿಯುವ ತಂಡ ಎಲ್ಲ ಇಟ್ಟುಕೊಂಡವರು. ಟಿವಿ ಚಾನೆಲ್ ಗುಂಪಿಗೆ, ಕ್ರೀಡೆ ಹಕ್ಕು ಕೊಂಡವರಿಗೆ ಸರಿ. ವರ್ಷಕ್ಕೆ ನಾಲ್ಕು ಸಿನಿಮಾ ಹಾಕುವವರಿಗೆ ಅಲ್ಲ.

ಎರಡನೆಯ ಗುಂಪು ಬರೀ ಮಲ್ಟಿ-ಡಿಆರ್‌ಎಂ ಸೇವೆ ಮಾರುವವರು. ಬರ್ಲಿನ್‌ನ ಕಾಸ್ಟ್‌ಲ್ಯಾಬ್ಸ್, ಅವರ ಸೇವೆಯ ಹೆಸರು ಡಿಆರ್‌ಎಂಟುಡೇ. ಅಮೆರಿಕದ ಆಸ್ಟಿನ್‌ನ ಬೈಡಿಆರ್‌ಎಂ, ಅವರದು ಕೀಓಎಸ್. ಇನ್ನು ಈಝೀಡಿಆರ್‌ಎಂ, ಜರ್ಮನಿ ಮೂಲದ ಆಕ್ಸಿನಾಮ್, ಕೊರಿಯಾದ ಪ್ಯಾಲಿಕಾನ್. ಪ್ಯಾಲಿಕಾನ್ ಈಗ ಡವ್‌ರನ್ನರ್ ಎಂದು ಹೆಸರು ಬದಲಿಸಿಕೊಂಡಿದೆ. ಹಳೆಯ ಲೇಖನ ಓದುವಾಗ ಎರಡು ಬೇರೆ ಕಂಪನಿ ಎಂದುಕೊಳ್ಳಬೇಡಿ. ಇಂಟರ್‌ಟ್ರಸ್ಟ್‌ನ ಎಕ್ಸ್‌ಪ್ರೆಸ್‌ಪ್ಲೇ ಕೂಡ ಇದೇ ಸಾಲಿನದು. ಈ ಇಂಟರ್‌ಟ್ರಸ್ಟ್ ಸಾಮಾನ್ಯದ ಕಂಪನಿಯಲ್ಲ. ಪೇಟೆಂಟ್ ಜಗಳದಲ್ಲಿ ಮೈಕ್ರೋಸಾಫ್ಟ್‌ನಿಂದ 2004ರಲ್ಲಿ 44 ಕೋಟಿ ಡಾಲರ್ ವಸೂಲಿ ಮಾಡಿತ್ತು.

ಈ ಗುಂಪಿನವರು ಕೊಡುವುದು ಕೀಲಿಯ ಸೇವೆ ಮಾತ್ರ. ಎನ್‌ಕೋಡಿಂಗ್, ಸಂಗ್ರಹ, ಸಿಡಿಎನ್, ಪ್ಲೇಯರ್ ಎಲ್ಲ ನಿಮ್ಮ ತಲೆನೋವು. ನಿಮ್ಮಲ್ಲಿ ಒಬ್ಬರಾದರೂ ಗಟ್ಟಿ ಎಂಜಿನಿಯರ್ ಇದ್ದರೆ ಇದೇ ಒಳ್ಳೆಯದು. ಉಚಿತವಾಗಿ ಸಿಗುವ ಶಾಕಾ ಪ್ಯಾಕೇಜರ್‌ನಲ್ಲಿ ನೀವೇ ಎನ್‌ಕ್ರಿಪ್ಟ್ ಮಾಡಿ, ಶಾಕಾ ಪ್ಲೇಯರ್‌ನಲ್ಲೋ ಆಂಡ್ರಾಯ್ಡ್‌ನ ಎಕ್ಸೋಪ್ಲೇಯರ್‌ನಲ್ಲೋ ಓಡಿಸಬಹುದು. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್ ಬಳಸುವವರಿಗೆ ಸ್ಪೀಕ್ ಎಂಬ ವ್ಯವಸ್ಥೆ ಇದೆ. ಅದನ್ನು ಬೆಂಬಲಿಸುವ ಯಾವ ಡಿಆರ್‌ಎಂ ಕಂಪನಿಯನ್ನಾದರೂ ಅವರ ಮೀಡಿಯಾ ಸೇವೆಗಳಿಗೆ ಜೋಡಿಸಬಹುದು. ನಾಳೆ ಕಂಪನಿ ಬದಲಿಸುವುದೂ ಆಗ ಸುಲಭ.

ಮೂರನೆಯ ಗುಂಪು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಡುವವರು. ನಮ್ಮ ದೇಶದ ಉದಾಹರಣೆ ದೆಹಲಿಯ ವಿಡಿಯೋಸೈಫರ್. ವಿಡಿಯೋ ಅಪ್‌ಲೋಡ್ ಮಾಡಿ, ಕೊಟ್ಟ ಕೋಡನ್ನು ನಿಮ್ಮ ಸೈಟಿನಲ್ಲಿ ಅಂಟಿಸಿ, ಮುಗಿಯಿತು. ವೈಡ್‌ವೈನ್, ಫೇರ್‌ಪ್ಲೇ, ಪ್ಲೇಯರ್, ನೋಡುಗರ ಹೆಸರು ತೇಲುವ ವಾಟರ್‌ಮಾರ್ಕ್ ಎಲ್ಲ ಒಳಗೇ ಇದೆ. ಧಾರವಾಡದಲ್ಲಿ ಕೂತು ಕೆಎಎಸ್ ಕೋಚಿಂಗ್ ವಿಡಿಯೋ ಮಾರುವ ಮೇಷ್ಟ್ರಿಗೆ ಇಂಥದ್ದೇ ಸರಿ. ಅವರು ಸಿಬಿಸಿಎಸ್ ಅಂದರೇನು ಎಂದು ಕಲಿಯುತ್ತ ಕೂತರೆ ಪಾಠ ಮಾಡುವವರು ಯಾರು?

ಬಿಲ್ಲು ಹೇಗೆ ಬರುತ್ತದೆ ಅನ್ನುವುದೇ ಅರ್ಧ ಉತ್ತರ

ಎರಡನೆಯ ಗುಂಪಿನವರು ಹೆಚ್ಚಾಗಿ ಎಣಿಸುವುದು ಲೈಸೆನ್ಸ್‌ಗಳನ್ನು, ಜೊತೆಗೆ ತಿಂಗಳಿಗೆ ಒಂದು ಕನಿಷ್ಠ ಮೊತ್ತ. ಮೂರನೆಯ ಗುಂಪಿನವರು ಎಣಿಸುವುದು ಬ್ಯಾಂಡ್‌ವಿಡ್ತ್ ಮತ್ತು ಸಂಗ್ರಹ. ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡೋಣ.

ಎರಡೂವರೆ ಗಂಟೆಯ ಒಂದು ಸಿನಿಮಾ. 1000 ಜನ ನೋಡುತ್ತಾರೆ. ಸೆಕೆಂಡಿಗೆ 1.5 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಗೆ 675 ಎಂಬಿ ಖರ್ಚಾಗುತ್ತದೆ. ಒಬ್ಬರಿಗೆ ಸುಮಾರು 1.7 ಜಿಬಿ, 1000 ಜನಕ್ಕೆ 1.7 ಟಿಬಿ. ಲೈಸೆನ್ಸ್ ಎಷ್ಟು? ಒಂದೇ ಬಾರಿಗೆ ನೋಡಿ ಮುಗಿಸಿದರೆ 1000.

ಈಗ ಕೋರ್ಸ್ ತೆಗೆದುಕೊಳ್ಳಿ. 15 ನಿಮಿಷದ 20 ಪಾಠ, ಒಟ್ಟು 5 ಗಂಟೆ, 1000 ವಿದ್ಯಾರ್ಥಿಗಳು. ಬ್ಯಾಂಡ್‌ವಿಡ್ತ್ ಸುಮಾರು 3.4 ಟಿಬಿ, ಅಂದರೆ ಸಿನಿಮಾದ ಎರಡರಷ್ಟು. ಲೈಸೆನ್ಸ್ ಮಾತ್ರ 20,000, ಸಿನಿಮಾದ ಇಪ್ಪತ್ತರಷ್ಟು. ಅದೂ ಯಾರೂ ಎರಡನೇ ಸಲ ನೋಡದಿದ್ದರೆ. ಪರೀಕ್ಷೆಯ ಹಿಂದಿನ ವಾರ ಹುಡುಗರು ಒಂದೇ ಪಾಠವನ್ನು ಎಷ್ಟು ಸಲ ತೆರೆಯುತ್ತಾರೆ ಎಂದು ಪಾಠ ಮಾಡುವವರಿಗೆ ಗೊತ್ತೇ ಇದೆ. ಪುಟ ರಿಫ್ರೆಶ್ ಮಾಡಿದರೂ ಹೊಸ ಲೈಸೆನ್ಸ್ ಎಂದು ಎಣಿಸುವವರು ಇದ್ದಾರೆ. ಹಾಗಾಗಿ ಸಣ್ಣ ಸಣ್ಣ ವಿಡಿಯೋ ಇರುವವರಿಗೆ ಬ್ಯಾಂಡ್‌ವಿಡ್ತ್ ಲೆಕ್ಕ ಲಾಭ, ಉದ್ದ ಸಿನಿಮಾ ಮಾರುವವರಿಗೆ ಲೈಸೆನ್ಸ್ ಲೆಕ್ಕ ಲಾಭ. ಆದರೆ ಲೈಸೆನ್ಸ್ ಲೆಕ್ಕದಲ್ಲಿ ಸಿಡಿಎನ್ ಬಿಲ್ಲು ಬೇರೆ ಕಟ್ಟಬೇಕು ಎಂಬುದನ್ನು ಮರೆಯಬೇಡಿ.

ಕೋರ್ಸ್‌ನವರಿಗೆ ಇನ್ನೊಂದು ಉಪಾಯ ಇದೆ. ಒಂದು ಲೈಸೆನ್ಸನ್ನು ಕೆಲವು ದಿನ ಫೋನಿನಲ್ಲೇ ಉಳಿಸಿಕೊಳ್ಳಲು ಬಿಡಬಹುದು. ಆಫ್‌ಲೈನ್ ಡೌನ್‌ಲೋಡ್ ನಡೆಯುವುದೇ ಹೀಗೆ. ಅದಕ್ಕೆ ಶುಲ್ಕ ಬೇರೆಯಾ ಎಂದು ಮೊದಲೇ ಕೇಳಿ. ನೆಟ್‌ವರ್ಕ್ ಸರಿಯಿಲ್ಲದ ಮಲೆನಾಡಿನ ವಿದ್ಯಾರ್ಥಿಗಳಿಗೆ ಇದು ಬೇಕೇ ಬೇಕು.

ಕೀಲಿ ಯಾರ ಹತ್ತಿರ?

ಮೈಕ್ರೋಸಾಫ್ಟ್‌ನ ಅಜ್ಯೂರ್ ಮೀಡಿಯಾ ಸರ್ವಿಸಸ್ ಎನ್‌ಕೋಡಿಂಗ್‌ನಿಂದ ಹಿಡಿದು ಮೂರೂ ಡಿಆರ್‌ಎಂ ಲೈಸೆನ್ಸ್‌ವರೆಗೆ ಎಲ್ಲ ಕೊಡುತ್ತಿತ್ತು. ಇಂಥ ದೊಡ್ಡವರು ಎಲ್ಲಿ ಹೋಗುತ್ತಾರೆ ಎಂದು ಎಷ್ಟೋ ಜನ ನಂಬಿ ಕೂತಿದ್ದರು. 2024ರ ಜೂನ್ 30ಕ್ಕೆ ಆ ಸೇವೆಯನ್ನು ಮುಚ್ಚಿದರು. ಮುನ್ಸೂಚನೆ ಕೊಟ್ಟಿದ್ದರು, ನಿಜ. ಆದರೂ ಎಲ್ಲರೂ ಗಂಟುಮೂಟೆ ಕಟ್ಟಲೇಬೇಕಾಯಿತು.

ಇಂಥ ಹೊತ್ತಿನಲ್ಲಿ ಯಾರಿಗೆ ಕಷ್ಟ, ಯಾರಿಗೆ ಸಲೀಸು? ವಿಡಿಯೋ ಎನ್‌ಕ್ರಿಪ್ಟ್ ಮಾಡಿದ ಕೀಲಿಗಳ ಪಟ್ಟಿ ನಿಮ್ಮ ಹತ್ತಿರ ಇದ್ದರೆ, ಅದನ್ನು ಹೊಸ ಕಂಪನಿಗೆ ಕೊಟ್ಟು ಫೈಲುಗಳನ್ನು ಹಾಗೇ ಉಳಿಸಿಕೊಳ್ಳಬಹುದು. ಇಂಥ ಕೊಡುಕೊಳ್ಳುವಿಕೆಗೆಂದೇ ಸಿಪಿಐಎಕ್ಸ್ ಎಂಬ ಮಾದರಿ ಇದೆ. ಕೀಲಿಗಳು ಹಳೆಯ ಕಂಪನಿಯ ಸರ್ವರ್‌ನಲ್ಲೇ ಉಳಿದಿದ್ದರೆ ಮೂಲ ವಿಡಿಯೋದಿಂದ ಮತ್ತೆ ಶುರು ಮಾಡಬೇಕು. ಮೂಲ ವಿಡಿಯೋ ಇರುವ ಹಾರ್ಡ್ ಡಿಸ್ಕ್ ಎಲ್ಲಿದೆ ಎಂದು ಹುಡುಕುವ ನಿರ್ಮಾಪಕರು ನಮ್ಮಲ್ಲಿ ಕಡಿಮೆಯೇನಿಲ್ಲ.

ಹಾಗಾಗಿ ಸೇಲ್ಸ್ ಕರೆಯಲ್ಲಿ ಬೆಲೆ ಕೇಳುವ ಮೊದಲು ಇದನ್ನು ಕೇಳಿ: ನಾನು ಬಿಟ್ಟು ಹೋಗುವಾಗ ನನ್ನ ಕಂಟೆಂಟ್ ಕೀಲಿಗಳನ್ನು ಕೊಡುತ್ತೀರಾ? ಎರಡನೆಯ ಗುಂಪಿನಲ್ಲಿ ಕೀಲಿಯನ್ನು ನೀವೇ ತಯಾರಿಸಿ ಕೊಡುವ ವ್ಯವಸ್ಥೆಯೂ ಸಿಗುತ್ತದೆ. ಮೂರನೆಯ ಗುಂಪಿನಲ್ಲಿ ಅದು ಕಷ್ಟ. ಅಲ್ಲಿ ಮೂಲ ಫೈಲುಗಳ ಪ್ರತಿಯನ್ನು ನೀವೇ ಭದ್ರವಾಗಿ ಇಟ್ಟುಕೊಂಡಿರಬೇಕು.

ಡಿಆರ್‌ಎಂ ಅಲ್ಲದ ಡಿಆರ್‌ಎಂ

ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು. ಕೋಚಿಂಗ್ ಆ್ಯಪ್ ಮಾಡಿಕೊಡುವ ಕೆಲವರು, ನಮ್ಮ ವಿಡಿಯೋ ಪೂರ್ತಿ ಎನ್‌ಕ್ರಿಪ್ಟೆಡ್, ಡಿಆರ್‌ಎಂ ಇದೆ ಎಂದು ಮಾರುತ್ತಾರೆ. ಒಳಗೆ ನೋಡಿದರೆ ಬರೀ ಎಚ್‌ಎಲ್‌ಎಸ್ ಎಇಎಸ್-128, ಅಂದರೆ ತುಣುಕುಗಳಾಗಿ ಬರುವ ವಿಡಿಯೋಗೆ ಹಾಕುವ ಸಾದಾ ಎನ್‌ಕ್ರಿಪ್ಷನ್. ಅದು ಎನ್‌ಕ್ರಿಪ್ಷನ್ ಹೌದು, ಡಿಆರ್‌ಎಂ ಅಲ್ಲ. ಕೀಲಿ ಒಂದು ಸಾಮಾನ್ಯ ವೆಬ್ ವಿಳಾಸದಲ್ಲಿ ಇರುತ್ತದೆ. ಲಾಗಿನ್ ಆದ ವಿದ್ಯಾರ್ಥಿ ಯಾರೇ ಆದರೂ ಅದನ್ನು ತೆಗೆದುಕೊಂಡು ವಿಡಿಯೋ ಬಿಚ್ಚಿಬಿಡಬಹುದು.

ಪರೀಕ್ಷಿಸುವುದು ಸುಲಭ. ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ವಿಡಿಯೋ ಓಡಿಸಿ. ಎಂ3ಯು8 ಎಂದು ಕೊನೆಯಾಗುವ ಫೈಲನ್ನು ಹುಡುಕಿ ಒಳಗೆ ಓದಿ. ಕೀ ಎಂಬ ಸಾಲಿನಲ್ಲಿ ಮೆಥಡ್ ಎಇಎಸ್-128 ಎಂದು ಇದ್ದು, ಪಕ್ಕದಲ್ಲಿ ಒಂದು ವೆಬ್ ವಿಳಾಸ ಇದ್ದರೆ, ನಿಮಗೆ ಮಾರಿದ್ದು ಬಾಗಿಲಿಗೆ ನೇತುಹಾಕಿದ ಕೀಲಿ. ನಿಜವಾದ ಡಿಆರ್‌ಎಂ ಆದರೆ ಲೈಸೆನ್ಸ್ ಸರ್ವರ್‌ಗೆ ಹೋಗುವ ಒಂದು ವಿನಂತಿ ಕಾಣುತ್ತದೆ, ಅದರ ಒಳಗಿನದು ಓದಲು ಬರುವುದಿಲ್ಲ.

ನಿಜವಾದ ಡಿಆರ್‌ಎಂ ಕೂಡ ಎಲ್ಲವನ್ನೂ ತಡೆಯುವುದಿಲ್ಲ. ವೈಡ್‌ವೈನ್ ಎಲ್3ಯನ್ನು ಒಬ್ಬ ಸಂಶೋಧಕ 2019ರ ಜನವರಿಯಲ್ಲಿ ಮುರಿದು ತೋರಿಸಿದರು. ಡೆಸ್ಕ್‌ಟಾಪ್ ಕ್ರೋಮ್‌ನಲ್ಲಿ ಸಾಮಾನ್ಯವಾಗಿ ಓಡುವುದು ಎಲ್3. ಏನೂ ಬೇಡ, ಟಿವಿಯ ಮುಂದೆ ಒಂದು ಮೊಬೈಲ್ ಹಿಡಿದು ಕೂತರೆ ಯಾವ ಬೀಗವೂ ಏನೂ ಮಾಡಲಾರದು. ಡಿಆರ್‌ಎಂ ತಡೆಯುವುದು ಸುಲಭದ ಕಳ್ಳತನವನ್ನು, ಒಂದು ಕ್ಲಿಕ್ಕಿನಲ್ಲಿ ಇಳಿಸಿಕೊಂಡು ಟೆಲಿಗ್ರಾಂಗೆ ಹಾಕುವುದನ್ನು. ಆ ಮಟ್ಟಿಗೆ ಅದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ.

ಉಳಿದದ್ದಕ್ಕೆ ವಾಟರ್‌ಮಾರ್ಕ್. ಇದರಲ್ಲಿ ಎರಡು ಬಗೆ. ಕಣ್ಣಿಗೆ ಕಾಣುವುದು, ಅಂದರೆ ನೋಡುವವರ ಫೋನ್ ನಂಬರು ಪರದೆಯ ಮೇಲೆ ಅಲ್ಲಲ್ಲಿ ಮೂಡಿ ಮಾಯವಾಗುವುದು. ಅಗ್ಗ, ಕೋರ್ಸ್‌ಗಳಿಗೆ ತುಂಬ ಪರಿಣಾಮಕಾರಿ. ತನ್ನ ನಂಬರು ಇರುವ ವಿಡಿಯೋವನ್ನು ಯಾವ ವಿದ್ಯಾರ್ಥಿ ಗ್ರೂಪಿಗೆ ಹಾಕುತ್ತಾನೆ? ಇನ್ನೊಂದು ಫೊರೆನ್ಸಿಕ್ ವಾಟರ್‌ಮಾರ್ಕ್, ಕಣ್ಣಿಗೆ ಕಾಣದ್ದು. ಪ್ರತಿ ತುಣುಕಿನ ಎರಡು ರೂಪ ಮಾಡಿಟ್ಟು, ಒಬ್ಬೊಬ್ಬರಿಗೆ ಬೇರೆ ಬೇರೆ ಸರಣಿಯಲ್ಲಿ ಕಳಿಸುವುದು ಇದರ ಒಂದು ಸಾಮಾನ್ಯ ವಿಧಾನ. ಸೋರಿದ ಪ್ರತಿ ಸಿಕ್ಕಿದಾಗ ಆ ಸರಣಿ ಓದಿ ಯಾರದು ಎಂದು ಹೇಳಬಹುದು. ಹೀಗೆ ಮಾಡಿದರೆ ಸಂಗ್ರಹದ ಖರ್ಚು ಎರಡರಷ್ಟಾಗುತ್ತದೆ. ದೊಡ್ಡ ಬಜೆಟ್ ಸಿನಿಮಾದ ಮೊದಲ ವಾರಕ್ಕೆ ಸರಿ, ಕೋರ್ಸ್‌ಗೆ ಅತಿಯಾಯಿತು.

ಕಾನೂನಿನ ಬಲವೂ ಇದೆ. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕರ್ನಾಟಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನ ಗೂಂಡಾ ಕಾಯ್ದೆ ಎನ್ನುವ ಕಾನೂನಿನ ವ್ಯಾಪ್ತಿಗೆ ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ ಸೇರಿಸಿದ್ದಾರೆ. ಇದರಲ್ಲಿ ಮುಂಜಾಗ್ರತೆಯ ಬಂಧನಕ್ಕೂ ಅವಕಾಶ ಇದೆ. ಪೈರಸಿ ತಪ್ಪೇ, ಆದರೆ ವಿಚಾರಣೆಗೆ ಮುಂಚೆ ಒಳಗೆ ಹಾಕುವಷ್ಟಾ ಎಂಬ ಪ್ರಶ್ನೆ ನನಗಂತೂ ಇದೆ.

ಪುಸ್ತಕಕ್ಕೆ ಬೇರೆ ಲೆಕ್ಕ

ಇ-ಪುಸ್ತಕದಲ್ಲಿ ಕಂಪನಿಗಳೂ ಬೇರೆ, ನ್ಯಾಯವೂ ಬೇರೆ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆಗೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕನ್ನಡ ಪ್ರಕಾಶಕರಿಗೆ ಸ್ವಂತ ಆ್ಯಪ್ ಒಂದು ದಾರಿ. ಆ್ಯಪ್ ನಿಮ್ಮದಾದರೆ ಬೀಗದ ಆಯ್ಕೆಯೂ ನಿಮ್ಮದೇ ಅಲ್ವಾ?

ಅಡೋಬಿಯ ಡಿಆರ್‌ಎಂ ಹಳೆಯದು, ವಿದೇಶದ ಎಷ್ಟೋ ಲೈಬ್ರರಿಗಳಲ್ಲಿ ಈಗಲೂ ನಡೆಯುತ್ತದೆ. ಓದುಗ ಅಡೋಬಿ ಖಾತೆ ಮಾಡಬೇಕು, ಸಾಧನ ಜೋಡಿಸಬೇಕು. ಸಾಮಾನ್ಯ ಓದುಗರಿಗೆ ರಗಳೆ. ಅದಕ್ಕೆ ಎದುರಾಗಿ ಬಂದದ್ದು ಪ್ಯಾರಿಸ್‌ನ ಇಡಿಆರ್‌ಲ್ಯಾಬ್ ನಡೆಸುವ ರೀಡಿಯಂ ಎಲ್‌ಸಿಪಿ. ಇಲ್ಲಿ ಓದುಗ ಒಂದು ಗುಪ್ತಪದ ಹಾಕಿದರೆ ಪುಸ್ತಕ ತೆರೆಯುತ್ತದೆ, ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ಓದಬಹುದು. ಅಂಧ ಓದುಗರ ಸ್ಕ್ರೀನ್ ರೀಡರ್‌ಗೆ ಅಡ್ಡಿ ಬರಬಾರದು ಎಂಬ ಕಾಳಜಿಯಿಂದಲೇ ಇದನ್ನು ರೂಪಿಸಿದ್ದಾರೆ. ಬೀಗ ಬೇಕೇ ಬೇಕು, ಅದರಲ್ಲೂ ಲೈಬ್ರರಿಯಂತೆ ಎರವಲು ಕೊಡಬೇಕು ಎನ್ನುವವರಿಗೆ ನಾನು ಹೇಳುವುದು ಎಲ್‌ಸಿಪಿ.

ಮಾರುವ ಪುಸ್ತಕಕ್ಕೆ ಮಾತ್ರ ನನ್ನ ಮತ ಬೀಗ ಬೇಡ ಎಂಬುದಕ್ಕೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ, ಜನ ದುಡ್ಡು ಕೊಟ್ಟು ಕೊಂಡ ಪುಸ್ತಕಗಳೂ ತೆರೆಯದಂತಾದವು. ದುಡ್ಡು ವಾಪಸ್ ಕೊಟ್ಟರು. ಅಷ್ಟು ದೊಡ್ಡ ಕಂಪನಿಗೆ ಅದು ಸಾಧ್ಯವಾಯಿತು. ಕನ್ನಡದ ಸಣ್ಣ ಪ್ರಕಾಶನವೊಂದು ಆ್ಯಪ್ ನಿಲ್ಲಿಸಿದರೆ ವಾಪಸ್ ಕೊಡುವವರು ಯಾರು? ಪ್ರತಿ ಪುಸ್ತಕದಲ್ಲೂ ಕೊಂಡವರ ಹೆಸರು, ಆರ್ಡರ್ ಸಂಖ್ಯೆ ಮುದ್ರಿಸಿ ಬೀಗವಿಲ್ಲದ ಇಪಬ್ (ಇ-ಪುಸ್ತಕದ ಸಾಮಾನ್ಯ ಫೈಲು ಮಾದರಿ) ಕೊಡಿ. ಇದನ್ನೇ ಸೋಶಿಯಲ್ ಡಿಆರ್‌ಎಂ ಎನ್ನುತ್ತಾರೆ. ಅಮೆರಿಕದ ದೊಡ್ಡ ವಿಜ್ಞಾನ ಕಾದಂಬರಿ ಪ್ರಕಾಶಕರಾದ ಟಾರ್ 2012ರಲ್ಲೇ ತಮ್ಮ ಇ-ಪುಸ್ತಕಗಳಿಂದ ಡಿಆರ್‌ಎಂ ತೆಗೆದುಹಾಕಿದರು, ವ್ಯಾಪಾರ ನಿಂತಿಲ್ಲ.

ಕಂಪನಿಯ ಒಳಗಿನ ಗುಟ್ಟಿನ ಕಡತಗಳಿಗೆ ಬೀಗ ಹಾಕುವುದು ಇನ್ನೊಂದೇ ಲೋಕ. ಅಲ್ಲಿ ಮೈಕ್ರೋಸಾಫ್ಟ್ ಪರ್‌ವ್ಯೂ, ಮುಂಬೈಯಲ್ಲಿ ಹುಟ್ಟಿದ ಸೆಕ್ಲೋರ್ ಮುಂತಾದವರು ಇದ್ದಾರೆ. ಆಫೀಸಿನಲ್ಲಿ ಆಗಲೇ ಮೈಕ್ರೋಸಾಫ್ಟ್ 365 ಇದ್ದರೆ ಪರ್‌ವ್ಯೂವಿನಿಂದ ಶುರು ಮಾಡಿ.

ಒಪ್ಪಂದಕ್ಕೆ ಮುಂಚೆ

ಬಹಳಷ್ಟು ಕಂಪನಿಗಳು ಟ್ರಯಲ್ ಕೊಡುತ್ತವೆ. ಅದನ್ನು ಅವರು ತೋರಿಸುವ ಡೆಮೊದಲ್ಲಿ ಕಳೆಯಬೇಡಿ. ಎಲ್3 ಇರುವ ಒಂದು ಅಗ್ಗದ ಆಂಡ್ರಾಯ್ಡ್, ಒಂದು ಹಳೆಯ ಐಫೋನು, ಒಂದು ಸ್ಮಾರ್ಟ್ ಟಿವಿ, ಒಂದು ವಿಂಡೋಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಮ್ಮದೇ ವಿಡಿಯೋ ಓಡಿಸಿ. ಪ್ರತಿಯೊಂದರಲ್ಲೂ ಸ್ಕ್ರೀನ್ ರೆಕಾರ್ಡ್ ಮಾಡಿ ನೋಡಿ. ಲೈಸೆನ್ಸ್ ಅವಧಿ ಮುಗಿದ ಮೇಲೆ ವಿಡಿಯೋ ನಿಲ್ಲುತ್ತದಾ ನೋಡಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಬೆಂಬಲಕ್ಕೆ ಒಂದು ಇಮೇಲ್ ಹಾಕಿ. ನಿಮ್ಮ ಸಿನಿಮಾ ಬಿಡುಗಡೆಯಾಗುವುದೂ ಶುಕ್ರವಾರವೇ ತಾನೇ.

ಕಂಪನಿ ಯಾವುದೆಂದು ತೀರ್ಮಾನಿಸುವ ಮುಂಚೆಯೇ ಮಾಡಬಹುದಾದ ಕೆಲಸ ಒಂದಿದೆ. ವೈಡ್‌ವೈನ್, ಪ್ಲೇರೆಡಿ ಲೈಸೆನ್ಸ್‌ಗಳನ್ನು ಮಲ್ಟಿ-ಡಿಆರ್‌ಎಂ ಕಂಪನಿ ತನ್ನ ಕಡೆಯಿಂದಲೇ ನಡೆಸಿಕೊಡುತ್ತದೆ. ಫೇರ್‌ಪ್ಲೇ ಪ್ರಮಾಣಪತ್ರವನ್ನು ಮಾತ್ರ ಸಾಮಾನ್ಯವಾಗಿ ನೀವೇ, ನಿಮ್ಮ ಹೆಸರಿನಲ್ಲೇ ಆಪಲ್‌ನಿಂದ ಪಡೆಯಬೇಕು. ಅದಕ್ಕೆ ವರ್ಷಕ್ಕೆ 99 ಡಾಲರ್‌ನ ಡೆವಲಪರ್ ಖಾತೆ ಬೇಕು, ಅರ್ಜಿ ಹಾಕಿ ಕಾಯಬೇಕು. ಒಪ್ಪಿಗೆ ಬಂದ ಮೇಲೆ ಪ್ರಮಾಣಪತ್ರ ತಯಾರಿಸುವಾಗ ಪರದೆಯ ಮೇಲೆ ಎಎಸ್‌ಕೆ ಎಂಬ ಉದ್ದದ ರಹಸ್ಯ ಸಂಕೇತ ಬರುತ್ತದೆ. ಪೋರ್ಟಲ್ ಅದನ್ನು ಇನ್ನೊಮ್ಮೆ ತೋರಿಸುವುದಿಲ್ಲ. ಆ ಕೆಲಸವನ್ನು ಆ್ಯಪ್ ಮಾಡಿಕೊಡುವ ಹೊರಗಿನವರ ಖಾತೆಯಲ್ಲಿ ಮಾಡಿಸಬೇಡಿ. ನಿಮ್ಮ ಖಾತೆಯಲ್ಲೇ ಮಾಡಿ, ಸಂಕೇತವನ್ನೂ ಖಾಸಗಿ ಕೀಲಿ ಫೈಲನ್ನೂ ಎರಡು ಕಡೆ ಉಳಿಸಿ.